ಪುಸ್ತಕದ ಹಿಂದಿನ ಅರ್ಧ

ಕಿರುಗಾವಲಿನ ಮೇಷ್ಟ್ರ ತುಟಿಗಳು ಸುಮ್ಮನಿದ್ದದ್ದೇ ಇಲ್ಲ. ಬೀಡಿಯ ಹೊಗೆಗೆ ಕಪ್ಪಾಗಿ, ನಡುವೆ ಒಡೆದು ಸೀಳಿದ್ದ ಆ ತುಟಿಗಳು ಸಂತೆಯಲ್ಲಿ, ದಾರಿಯಲ್ಲಿ, ಗದ್ದೆಯ ಬದುವಿನ ಮೇಲೆ, ಊಟದ ಎಲೆಯ ಮುಂದೆ ಕೂಡ ಅಲುಗುತ್ತಲೇ ಇರುತ್ತಿದ್ದವು. ಸದ್ದು ಮಾತ್ರ ಹೊರಗೆ ಬರುತ್ತಿರಲಿಲ್ಲ. ನೋಡಿದವರು ಜಪ ಎಂದುಕೊಳ್ಳುತ್ತಿದ್ದರು. ಅದು ಜಪವಲ್ಲ, ಯುರೋಪಿನ ಚರಿತ್ರೆ ಎಂದು ತಿಳಿದಿದ್ದವರು ಅವರ ಹೆಂಡತಿ ಮತ್ತು ನಾನು.

ಅವರು ಕಿರುಗಾವಲಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು, ನಾನು ಮದ್ದೂರಿನಲ್ಲಿ. ಇಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ನೌಕರಿಯಲ್ಲಿದ್ದುಕೊಂಡೇ, ಮನೆಯಲ್ಲಿ ಓದಿ, ಖಾಸಗಿಯಾಗಿ ಮೈಸೂರಿಗೆ ಹೋಗಿ ಬಿ.ಎ. ಪರೀಕ್ಷೆಗೆ ಕೂರುವವರು. ನಮಗೆ ಪಾಠ ಹೇಳುವವರಿಲ್ಲ, ಸಂದೇಹ ಕೇಳಲು ಸಹಪಾಠಿಗಳಿಲ್ಲ, ಯಾವುದು ಮುಖ್ಯ ಯಾವುದು ಅಲ್ಲ ಎಂದು ಪಿಸುಗುಟ್ಟುವವರೂ ಇಲ್ಲ. ಬಾವಿಗೆ ಬಿದ್ದವನು ತಾನೇ ಈಜು ಕಲಿತು ಮೇಲೆ ಬರಬೇಕು, ಅಂಥ ವಿದ್ಯಾಭ್ಯಾಸ ನಮ್ಮದು. ನಾನು ಆಗಿನ್ನೂ ಎಳೆಯವ, ಹುಮ್ಮಸ್ಸಿತ್ತು. ಅವರು ನನಗಿಂತ ಬಹಳ ದೊಡ್ಡವರು, ಅದಾಗಲೇ ಢುಮ್ಕಿ ಹೊಡೆದು ಹೊಡೆದು ಸೋತವರು. ಪ್ರತಿಸಲವೂ ಇಲಾಖೆಯ ಅನುಮತಿ ಬೇಕಿತ್ತು. ಆ ವರ್ಷ ಮಳವಳ್ಳಿಯಲ್ಲಿ ನಮ್ಮಿಬ್ಬರ ಅರ್ಜಿಗೂ ರುಜು ಹಾಕಿದ ಇನ್‌ಸ್ಪೆಕ್ಟರು, "ನಿಮಗೆ ಇದೇ ಕೊನೆ ಮೇಷ್ಟ್ರೆ. ಮುಂದಿನ ಸಲ ಕೇಳಬೇಡಿ" ಎಂದು ಅವರಿಗೆ ಮುಖಕ್ಕೆ ಹೊಡೆದಂತೆ ಹೇಳಿದರು. ನನ್ನ ಅವರ ಪರಿಚಯವಾದದ್ದು ಆವತ್ತೇ, ಆ ಕಚೇರಿಯ ಜಗಲಿಯ ಮೇಲೆ.

ಬಿ.ಎ. ಯಾಕೆ ಬೇಕು ಎಂದು ನಾನು ಕೇಳಿದ್ದೆ. ಸಂಬಳಕ್ಕೆ ಎನ್ನುತ್ತಾರೆ ಎಂದುಕೊಂಡಿದ್ದೆ.

"ನನ್ ಇಸ್ಕೂಲ್ ಹೈಕ್ಳನ್ನ ಮಂಡ್ಯದ ಹೈಸ್ಕೂಲ್ಗೆ ಸೇರ್ಸಕ್ಕೆ ಓಗಿದ್ದೆ ಕಣಯ್ಯ. ಒಳಗೆ ಯಾರೋ ಪಾಠ ಮಾಡ್ತಿದ್ರು. ಕಿಟಕಿ ತಾವು ನಿಂತ್ಕಂಡು ಪೂರಾ ಕೇಳ್ದೆ. ಜವಾನ ಬಂದು, ಯಾರ್ ಬೇಕಿತ್ತು ಅಂದ. ಯಾರೂ ಬ್ಯಾಡ ಅಂತ ಬಂದ್ಬುಟ್ಟೆ." ಒಂದು ಬೀಡಿ ಹಚ್ಚಿಕೊಂಡು ಹೇಳಿದರು, "ಅಲ್ಲಿ ಒಳಗೆ ನಿಂತ್ಕಂಡು ಪಾಠ ಯೋಳ್ಬೇಕು. ಒಂದ್ ದಿನ ಆದ್ರೂ ಸರಿಯೆ."

ಮಂಡ್ಯದ ಹೈಸ್ಕೂಲಿನಲ್ಲಿ ನಿಂತು ಪಾಠ ಹೇಳಬೇಕಾದರೆ ಬಿ.ಎ. ಆಗಿರಲೇಬೇಕಿತ್ತು. ಅವರ ಆಸೆ ಅಷ್ಟೇ, ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ.

ಎರಡನೇ ಮಹಾಯುದ್ಧದ ಕಾಲ. ಆ ವರ್ಷ ಚರಿತ್ರೆಯ ಪಠ್ಯಪುಸ್ತಕ ಬದಲಾಗಿತ್ತು, ಅದು ಇಂಗ್ಲೆಂಡಿನಿಂದ ಬರಬೇಕು, ಹಡಗೇ ಬರುತ್ತಿರಲಿಲ್ಲ. ಮೈಸೂರಿನ ಅಂಗಡಿಗಳನ್ನೆಲ್ಲ ಅಲೆದು ಇಬ್ಬರೂ ಸೇರಿ ಕೊಂಡದ್ದು ಒಂದೇ ಪ್ರತಿ, ಅದೂ ಯಾರೋ ಓದಿ ಬಿಟ್ಟದ್ದು. ಅವರಿರುವುದು ಕಿರುಗಾವಲಿನಲ್ಲಿ, ನಾನಿರುವುದು ಮದ್ದೂರಿನಲ್ಲಿ. ಒಂದು ಪುಸ್ತಕವನ್ನು ಇಬ್ಬರು ಓದುವುದು ಹೇಗೆ? ಮೇಷ್ಟ್ರು ಅದನ್ನು ಮಣೆಯ ಮೇಲಿಟ್ಟು, ಕೈಮುಗಿದು, "ತಪ್ಪಾಯ್ತು ಕಣವ್ವ" ಎಂದು ಸರಸ್ವತಿಯ ಕ್ಷಮೆ ಕೇಳಿ, ಈಳಿಗೆಮಣೆಯಿಂದ ಬೆನ್ನು ಸೀಳಿ ಎರಡು ಹೋಳು ಮಾಡಿದರು. ಎರಡಕ್ಕೂ ತಾವೇ ಅಂಟು ಕಾಯಿಸಿ ರಟ್ಟು ಕಟ್ಟಿದರು. ಮೊದಲ ಪುಟದಿಂದ ಶುರುವಾಗುವ ಮುಂದಿನ ಅರ್ಧ ಅವರಿಗೆ, ಹಿಂದಿನ ಅರ್ಧ ನನಗೆ. ಸಂಕ್ರಾಂತಿ ಕಳೆದ ಮೇಲೆ ಅದಲುಬದಲು ಎಂದು ಒಪ್ಪಂದವಾಯಿತು. ಮಿಕ್ಕ ಪುಸ್ತಕಗಳು ಹೇಗೋ ಎರಡೆರಡು ಸಿಕ್ಕಿದ್ದವು, ಚರಿತ್ರೆ ಮಾತ್ರ ಹೀಗೆ ಪಾಲಾಯಿತು.

ಸೀಳಿದ ಜಾಗ ಒಂದು ವಾಕ್ಯದ ನಡುವೆ ಬಂದಿತ್ತು. ಯಾವುದೋ ದೊರೆ ಗೆಲ್ಲುವುದರಲ್ಲಿದ್ದ ಯುದ್ಧ ಬಿಟ್ಟು ಸೈನ್ಯವನ್ನು ವಾಪಸು ಕರೆದುಕೊಂಡು ಹೋದ, ಬಿಕಾಸ್... ಅಲ್ಲಿಗೆ ಮೇಷ್ಟ್ರ ಅರ್ಧ ಮುಗಿಯುತ್ತಿತ್ತು. ಯಾಕೆ ಹೋದ ಎನ್ನುವುದು ನನ್ನ ಅರ್ಧದ ಮೊದಲ ಸಾಲಿನಲ್ಲಿತ್ತು. ಮಳವಳ್ಳಿಯಲ್ಲಿ ಸಿಕ್ಕಾಗ ನಾನು ಹೇಳಲು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು.

"ಯೋಳ್ಬ್ಯಾಡ ಕಣಯ್ಯ. ನಾನೇ ಓದ್ತೀನಿ. ನಿನ್ ಬಾಯಲ್ಲಿ ಕೇಳುದ್ರೆ ನಿನ್ ಮಾತೇ ಮನಸ್ಸಲ್ಲಿ ಕುಂತ್ಬುಡ್ತದೆ, ಪುಸ್ತಕದ ಮಾತು ನಿಲ್ಲಕಿಲ್ಲ."

ಅವರದು ಅಕ್ಷರಕ್ಕೆ ಅಕ್ಷರ ಬಾಯಿಪಾಠ. ಆದರೂ ದೊರೆ ಯಾಕೆ ಹೋದ ಎಂದು ಊಹಿಸುವುದು ಅವರಿಗೊಂದು ಆಟ. "ಎಂಡ್ರು ಹೆತ್ತಿರ್ಬೇಕು" ಎನ್ನುವರು ಒಂದು ಸಲ. "ಕುದುರೆಗೆ ಹುಳ್ಳಿ ಸಾಲ್ದೆ ಓಗಿರ್ಬೇಕು" ಎನ್ನುವರು ಇನ್ನೊಂದು ಸಲ. ಒಮ್ಮೆಯಂತೂ ಬಹಳ ಯೋಚಿಸಿ, "ನಾಲೆ ನೀರಿನ ಸರದಿ ಬಂದದೆ ಅಂತ ಯಾರೋ ಯೋಳ್ಕಳ್ಸವ್ರೆ, ಅದ್ಕೇ ಓಡವ್ನೆ" ಎಂದು ತೀರ್ಪು ಕೊಟ್ಟರು.

ಅವರ ತುಟಿಯಿಂದ ಒಂದು ಪವಾಡವೂ ಆಗಿತ್ತು. ಬಸ್ಸಿಗೆ ಕಾಯುತ್ತ ಹುಣಿಸೆಮರದ ಕೆಳಗೆ ನಿಂತಿದ್ದಾಗ ಮುದುಕಿಯೊಬ್ಬಳು ಜ್ವರ ಬಂದ ಮೊಮ್ಮಗುವನ್ನು ತಂದು ಅವರ ಕಾಲ ಹತ್ತಿರ ಹಾಕಿ, "ಒಸಿ ಮಂತ್ರುಸ್ಬುಡಿ ಸಾಮಿ" ಎಂದಳಂತೆ. ಮೇಷ್ಟ್ರು ಬಾಯಿಗೆ ಬಂದ ಪ್ಯಾರಾ ನಿಲ್ಲಿಸದೆ ಮುಗಿಸಿ, ಮಗುವಿನ ಹಣೆಗೆ ಊದಿ ಕಳಿಸಿದರು. ಮಗುವಿಗೆ ವಾಸಿಯಾಯಿತು. ಆಮೇಲೆ ಜನ ಬರತೊಡಗಿದರು. "ಎರಡು ಸಲ ಊದಿದ್ದಕ್ಕೆ ಆ ಅಧ್ಯಾಯ ಪೂರ್ತಿ ಬಂದ್ಬುಡ್ತು ಕಣಯ್ಯ" ಎಂದು ನಕ್ಕಿದ್ದರು. ಅವರು ನಕ್ಕದ್ದು ನನಗೆ ನೆನಪಿರುವುದು ಅಂಥ ಕೆಲವೇ ಸಲ.

ಸಂಕ್ರಾಂತಿ ಕಳೆಯಿತು. ಆಗ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಹಿಂದುಗಡೆ ಹಂಡೆಯಂಥ ಒಲೆ, ಏರು ಬಂದರೆ ಜನ ಇಳಿದು ತಳ್ಳಬೇಕು. ನಾವಿಬ್ಬರೂ ಪರಸ್ಪರ ಕಳಿಸುತ್ತಿದ್ದ ಪುಸ್ತಕದ ಗಂಟುಗಳನ್ನು ಸದಾ ಡ್ರೈವರು ತಮ್ಮ ಸೀಟಿನ ಕೆಳಗೆ ತುರುಕಿಕೊಂಡು ತರುತ್ತಿದ್ದರು. ಒಪ್ಪಂದದಂತೆ ಮೇಷ್ಟ್ರ ಅರ್ಧ ಬೆಳಗಿನ ಬಸ್ಸಿನಲ್ಲಿ ಮದ್ದೂರಿಗೆ ಬಂದು ನನ್ನ ಕೈ ಸೇರಿತು. ಅದೇ ಬಸ್ಸು ವಾಪಸು ಹೊರಟಾಗ ನನ್ನ ಅರ್ಧ ಕೊಟ್ಟು ಕಳಿಸಿದೆ. ಆ ದಿನ ಕಂಡಕ್ಟರ್ ಹೊಸಬ, ದೈವಭಕ್ತ.

"ಏನ್ ಸಾಮಿ ಇದ್ರಾಗೆ?" ಎಂದ.

"ಪುಸ್ತಕ ಕಣಪ್ಪ. ಕಿರುಗಾವಲಿನ ಮೇಷ್ಟ್ರಿಗೆ. ಜೋಪಾನ."

ಅವನು ಗಂಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಶಾಲೆಯ ಗಂಟೆ ಹೊಡೆಯಿತು, ನಾನು ಹೊರಟೆ.

ಮುಂದಿನದನ್ನು ಡ್ರೈವರೇ ಆಮೇಲೆ ನನಗೆ ಹೇಳಿದ್ದು. ಸರಸ್ವತಿಯನ್ನು ಕಾಲಿನ ಕೆಳಗೆ ಇಡುವುದೇ ಎಂದು ಆ ಕಂಡಕ್ಟರಿಗೆ ಮನಸ್ಸು ಒಪ್ಪಲಿಲ್ಲವಂತೆ. ಏಣಿ ಹತ್ತಿ ಬಸ್ಸಿನ ನೆತ್ತಿಯ ಮೇಲೆ, ಯಾರ ಕಾಲೂ ತಾಗದ ಹಿಂದಿನ ಮೂಲೆಯಲ್ಲಿ, ಎಲ್ಲ ಮೂಟೆಗಳಿಗಿಂತ ಮೇಲೆ ಇಟ್ಟನಂತೆ. ಅದರ ನೇರ ಕೆಳಗೆ ಇದ್ದಿಲ ಒಲೆ. ಮಳವಳ್ಳಿ ದಾಟಿದ ಮೇಲೆ ಏರಿನಲ್ಲಿ ಒಲೆ ಕೆದಕಿದಾಗ ಕಿಡಿ ಹಾರಿತು. ಕಿರುಗಾವಲಿನಲ್ಲಿ ಮೇಷ್ಟ್ರ ಕೈಗೆ ಬಂದದ್ದು ಸುಟ್ಟ ರಟ್ಟು ಮತ್ತು ಬೂದಿ. ಕಂಡಕ್ಟರ್ ರಸ್ತೆಯಲ್ಲೇ ಕೂತು ಅತ್ತ.

"ಬುಡಪ್ಪ. ಒಳ್ಳೇದ್ಕೇ ಮಡಗಿದ್ದೆ, ನಿಂದೇನು ತಪ್ಪು" ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿ, ಬಸ್ಸು ಹೋದ ಮೇಲೆ ಅದೇ ಜಾಗದಲ್ಲಿ ತಾವು ಕೂತರಂತೆ.

ಬೇರೆ ಪ್ರತಿಗೆ ನಾನು ಮೈಸೂರೆಲ್ಲ ಸುತ್ತಿದೆ. ಸಿಗಲಿಲ್ಲ. ನನಗೆ ನೆನಪಿದ್ದಷ್ಟನ್ನು ಬಾಯಲ್ಲಿ ಹೇಳಿಬಿಡೋಣ ಎಂದು ಕಿರುಗಾವಲಿಗೆ ಹೋದರೆ ಮೇಷ್ಟ್ರು ಚಳಿಜ್ವರದಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದರು. ನಾಲೆಯ ನೀರು ಬಂದ ಮೇಲೆ ನಮ್ಮ ಕಡೆ ಭತ್ತ, ಕಬ್ಬು, ಸೊಳ್ಳೆ ಮೂರೂ ಚೆನ್ನಾಗಿ ಬೆಳೆದಿದ್ದವು. ಯುದ್ಧದಿಂದಾಗಿ ಕ್ವಿನೈನೂ ಸಿಗುತ್ತಿರಲಿಲ್ಲ. ಹೇಳಿದ ಒಂದು ಮಾತೂ ಅವರ ತಲೆಯಲ್ಲಿ ನಿಲ್ಲಲಿಲ್ಲ. ಊರಿನ ಮಕ್ಕಳ ಜ್ವರಕ್ಕೆಲ್ಲ ಊದುತ್ತಿದ್ದವರಿಗೆ ಊದುವವರು ಯಾರೂ ಇರಲಿಲ್ಲ.

ಆದರೂ ಪರೀಕ್ಷೆಗೆ ಬಂದರು, ತಲೆಗೆ ಮಫ್ಲರ್ ಸುತ್ತಿಕೊಂಡು. ಚರಿತ್ರೆಯ ದಿನ ಬೆಳಿಗ್ಗೆ, "ಈಗಲಾದರೂ ಕೇಳಿ ಮೇಷ್ಟ್ರೆ, ಹಿಂದಿನ ಅರ್ಧದ ಸಾರಾಂಶ ಹೇಳ್ತೀನಿ" ಎಂದು ಗೋಗರೆದೆ. "ಬ್ಯಾಡ ಕಣಯ್ಯ, ಇರೋದೂ ಕಲ್ಸೋಯ್ತದೆ" ಎಂದರು. ಪ್ರಶ್ನೆಗಳಲ್ಲಿ ಬಹುಪಾಲು ಹಿಂದಿನ ಅರ್ಧದ್ದೇ ಬಂದಿದ್ದವು. ಹೊರಗೆ ಬಂದಾಗ ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಆ ದೊರೆ ಪ್ರಶ್ನೆ ಬರ್ದೆ. ಬಿಕಾಸ್ ತಂಕ ಬರ್ದೆ" ಎಂದರು.

"ಆಮೇಲೆ?"

"ಆಮೇಲೆ ನಂಗೆ ಗೊತ್ತಿಲ್ವಲ್ಲ. ಸುಳ್ ಬರೀಬಾರ್ದು, ಪೆನ್ನು ಮಡಗ್ಬುಟ್ಟೆ."

ನಾನು ಪಾಸಾದೆ. ಅವರ ನಂಬರು ಪತ್ರಿಕೆಯಲ್ಲಿ ಬರಲಿಲ್ಲ. ಅನುಮತಿಯೂ ಅಲ್ಲಿಗೆ ಮುಗಿಯಿತು. ಮರುವರ್ಷ ಮಂಡ್ಯದ ಹೈಸ್ಕೂಲಿಗೆ ನನ್ನನ್ನು ಹಾಕಿದರು, ಚರಿತ್ರೆ ಪಾಠಕ್ಕೇ. ಹೇಳಲು ಹೋದಾಗ ಮೇಷ್ಟ್ರು ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. ಆಗ ನೋಡಿದೆ, ಅವರ ತುಟಿ ಅಲುಗುತ್ತಿರಲಿಲ್ಲ. ಸತ್ತವರ ತುಟಿಯ ಹಾಗೆ ಮುಚ್ಚಿಕೊಂಡಿತ್ತು. "ಒಂದು ದಿನ ಬಂದು ನನ್ನ ತರಗತಿಯಲ್ಲಿ ಪಾಠ ಮಾಡಿ, ಹೆಡ್‌ಮಾಸ್ಟರಿಗೆ ನಾನು ಹೇಳ್ತೀನಿ" ಎಂದರೆ, "ಬಿ.ಎ. ಇಲ್ದೋನು ಆ ಬಾಗ್ಲು ದಾಟ್ಬಾರ್ದು ಕಣಯ್ಯ. ಹೈಕ್ಳಿಗೆ ಗೊತ್ತಾಗದಿದ್ರೂ ನಂಗೆ ಗೊತ್ತಿರ್ತದಲ್ಲ" ಎಂದರು. ಆ ಶಾಲೆಯಲ್ಲಿ ನಾನು ನಿಂತ ಒಂದೊಂದು ದಿನವೂ ಅವರ ಜಾಗದಲ್ಲಿ ನಿಂತಂತೆಯೇ ಆಗುತ್ತಿತ್ತು. ಇವತ್ತಿಗೂ ಆ ಭಾರ ಇಳಿದಿಲ್ಲ.

ಚಳಿಜ್ವರ ಬಿಟ್ಟು ಬಿಟ್ಟು ಬಂದು ಅವರನ್ನು ತಿಂದು ಹಾಕಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಮುಂಗಾರು ಶುರುವಾದ ಹೊತ್ತಿಗೆ, ಕೂಡಲೇ ಬರಬೇಕೆಂದು ಅವರ ಹೆಂಡತಿ ಹೇಳಿಕಳಿಸಿದರು. ಬೆಳಗಿನ ಬಸ್ಸಿನಲ್ಲಿ ಹೋದೆ. ಮೇಷ್ಟ್ರು ಹೊಟ್ಟೆ ಊದಿ, ಕೈಕಾಲು ಕಡ್ಡಿಯಾಗಿ, ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಆದರೆ ತುಟಿಗಳು ಅಲುಗುತ್ತಿದ್ದವು.

"ನಿನ್ನೆಯಿಂದ ಇಂಗೇ ಕಣಪ್ಪ. ದ್ಯಾವ್ರ ಹೆಸ್ರು ಯೋಳ್ತಾವ್ರೆ ಅಂತ ಎಲ್ಲಾರೂ ಅಂತಾವ್ರೆ. ನಂಗೇನೋ ಅಂಗ್ ಕಾಣಕಿಲ್ಲ. ಒಸಿ ಕೇಳ್ನೋಡು" ಎಂದರು ಅವರ ಹೆಂಡತಿ.

ಬಾಗಿ ಕಿವಿ ಕೊಟ್ಟೆ. ಮುಂದಿನ ಅರ್ಧ. ಒಂದಕ್ಷರ ತಪ್ಪಿಲ್ಲ. ಅಧ್ಯಾಯದ ಮೇಲೆ ಅಧ್ಯಾಯ ಉಸಿರಿನಲ್ಲೇ ಹರಿದು, ದೊರೆ ಬಂದ, ಯುದ್ಧ ಬಂತು, ಸೈನ್ಯ ತಿರುಗಿತು. "ಬಿಕಾಸ್" ಎಂದು ತುಟಿ ನಿಂತಿತು. ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದರು.

"ಈಗ ಯೋಳ್ಬುಡಯ್ಯ. ಯಾಕ್ ಓದ?"

"ಮಳೆ ಬೇಗ ಬಂದುಬಿಟ್ಟಿತ್ತು ಮೇಷ್ಟ್ರೆ. ದಾರಿಯೆಲ್ಲ ಕೆಸರಾಗಿತ್ತು. ಗಾಡಿ ಮುಂದೆ ಹೋಗಲಿಲ್ಲ. ಅದಕ್ಕೇ ವಾಪಸು ಹೋದ."

ಅವರು ಸೂರು ನೋಡಿದರು. ಹೊರಗೆ ಸೋನೆ ಹಿಡಿದಿತ್ತು.

"ಅಷ್ಟೇನಾ?" ಎಂದರು.

ನಾನು ಹೂಂ ಎಂದೆ. ಆ ತುಟಿಗಳು ಮತ್ತೆ ಅಲುಗಲಿಲ್ಲ.