ಟೋಪಿ ಹಾಕಿದ ಅಕ್ಷರಗಳು

ಇವತ್ತು ಬೆಳಿಗ್ಗೆ ಕನ್ನಡ ಕೂಟದ ಆಮಂತ್ರಣವೊಂದು ಫೋನಿಗೆ ಬಂತು. ತೆರೆದರೆ ಕನ್ನಡವಿಲ್ಲ, ತಲೆಯ ಮೇಲೆ ಓರೆ ಗೀರು ಹೊತ್ತ ಇಂಗ್ಲಿಷ್ ‘ಎ’ಗಳ ಸಾಲು. ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಕಡೆ ಹೀಗೆ ವೇಷ ಬದಲಿಸುವುದು ನಿಮಗೂ ಗೊತ್ತಿರಬಹುದು. ನನಗೆ ಹಮೀದಾಕ ನೆನಪಾದರು.

ಸೆಖೆ, ಬಸ್ಸು ತಡವಾದದ್ದು, ಇಸ್ತ್ರಿಗೆ ಕೊಟ್ಟ ಅಂಗಿಗಳ ಲೆಕ್ಕ, ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವ ಚಟ ನನ್ನದು. 2012ರ ಡೈರಿಯಲ್ಲಿ ಎಷ್ಟೋ ಪುಟಗಳ ಕೊನೆಗೆ ‘ಯುರೋಪ್: ಸೊನ್ನೆ’ ಎಂದಿದೆ. ಅದು ಹಮೀದಾಕರ ಲೆಕ್ಕ.

ಕೊಲ್ಲಿ ದೇಶದಲ್ಲಿ, ಮಹಬೂಲಾದ ಫ್ಲಾಟಿನಲ್ಲಿ ಅವರದು ನನ್ನ ಪಕ್ಕದ ಮಂಚ. ಬಂಟ್ವಾಳದ ಕಡೆಯವರು, ಶುಐಬಾದ ಗೋದಾಮಿನಲ್ಲಿ ಕೆಲಸ. ನಮ್ಮಂಥ ರೂಮುಗಳ ಬದುಕಿನ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಊರಿನ ಪ್ರಕಾಶಕರು ಬೇಡವೆಂದರು. ಯುರೋಪಿನಲ್ಲಿ ಇನ್ನು ಮುಂದೆ ಬರೆದವರೇ ಪ್ರಕಾಶಕರು, ಕಾಗದವೇ ಬೇಡ ಎಂದು ಎಲ್ಲೋ ಓದಿ, ಅಲ್ಲಿನ ಇ-ಪುಸ್ತಕದ ಅಂಗಡಿಯೊಂದಕ್ಕೆ ನನ್ನಿಂದ ಟೈಪು ಮಾಡಿಸಿ ಹಾಕಿಸಿದರು. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ‘ಇತರೆ’ ಎಂಬುದನ್ನು ಒತ್ತಿದೆ.

“ಯುರೋಪಿನಲ್ಲಿ ಕನ್ನಡ ಯಾರು ಓದ್ತಾರೆ ಹಮೀದಾಕ?”

“ಮಂಗಳೂರಿನಲ್ಲಿ ಯಾರು ಓದಿದ್ದು ಮಾರಾಯ? ಒಬ್ಬ ಸಿಕ್ಕಿದ್ರೆ ಸಾಕು. ನಾನು ರಜೆಗೆ ಹೋಗುವುದರೊಳಗೆ ಸಿಗದಿದ್ರೆ ಖಲಾಸ್, ಇನ್ನು ಬರೆಯುದಿಲ್ಲ.”

ಅವರು ಟಿಕೆಟ್ ತೆಗೆದ ವಾರ ಬೆಲ್ಜಿಯಂನಲ್ಲಿ ಒಂದು ಪ್ರತಿ ಹೋಯಿತು. ಡೈರಿಯಲ್ಲಿ ‘ಒಂದು’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಕೊಂಡವರಿಗೆ ಹೇಗೆ ಕಾಣುತ್ತದೋ ನೋಡೋಣವೆಂದು ಪುಸ್ತಕವನ್ನು ಫೋನಿಗೆ ಇಳಿಸಿಕೊಂಡೆವು. ಫಾಂಟ್ ಇದ್ದ ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿತ್ತು. ಫೋನಿನಲ್ಲಿ ಮೊದಲ ಪುಟದಿಂದ ಕೊನೆಯವರೆಗೆ ಗೀರು ಹೊತ್ತ ‘ಎ’ಗಳು.

ಹಮೀದಾಕ ಕನ್ನಡಕ ಏರಿಸಿದರು. “ಇದು ಫ್ರೆಂಚಾ?”

“ಅಲ್ಲ, ನಿಮ್ಮದೇ ಕನ್ನಡ.”

“ಅಕ್ಷರಕ್ಕೆಲ್ಲ ಟೋಪಿ ಉಂಟಲ್ಲ. ಪಾಪ, ದುಡ್ಡು ಕೊಟ್ಟವನಿಗೂ ನಾವು ಟೋಪಿ ಹಾಕಿದ್ದು.”

ನಕ್ಕರು. ಆಮೇಲೆ ಊರಿಗೆ ಪೆಟ್ಟಿಗೆ ಕಟ್ಟಲು ಕೂತರು. ಹಸ್ತಪ್ರತಿಯನ್ನು ಮಂಚದಡಿಯಲ್ಲೇ ಬಿಟ್ಟರು.

ಹೊರಡುವ ಹಿಂದಿನ ದಿನ ಅಂಗಡಿಯ ಮೂಲಕ ಒಂದು ಸಂದೇಶ ಬಂತು. ಬರೆದವರು ಬೆಲ್ಜಿಯಂನಲ್ಲಿದ್ದ ಕುಂದಾಪುರದ ನರ್ಸ್. ಹಳೆಯ ಫಾಂಟೆಂದು ಗುರುತಿಸಿ, ಕನ್ನಡಕ್ಕೆ ತಿರುಗಿಸಿಕೊಂಡು, ಪುಸ್ತಕವನ್ನು ಪೂರ್ತಿ ಓದಿದ್ದರು. ಕೆಲವು ಕಡೆ ಅಕ್ಷರ ಕೆಟ್ಟಿತ್ತಂತೆ. “ಕೊನೆಯಲ್ಲಿ, ನಿಮ್ಮ ರೂಮಿನ ಅಬ್ಬಾಸ್ ಕೆಲಸ ಬಿಟ್ಟು ಊರಿಗೆ ಹೊರಟ ದಿನ, ನೀವೆಲ್ಲ ಹಂಚಿಕೊಂಡದ್ದು ಮೀನನ್ನೋ ಮೌನವನ್ನೋ? ನಾನು ಮೌನ ಅಂತಲೇ ಓದಿದೆ.”

ಹಮೀದಾಕ ಅದನ್ನು ನನ್ನಿಂದ ಎರಡು ಸಲ ಓದಿಸಿದರು. “ನಾನು ಬರೆದದ್ದು ಮೀನು. ಬಂಗುಡೆ.” ಕನ್ನಡಕ ತೆಗೆದು, “ಮೌನವೇ ಇರ್ಲಿ. ಆ ದಿನ ಯಾರೂ ಮಾತಾಡ್ಲಿಲ್ಲ,” ಎಂದರು. ಬಗ್ಗಿ ಹಸ್ತಪ್ರತಿಯನ್ನು ಎಳೆದು, ಧೂಳು ಕೊಡವಿ, ಕೈಚೀಲಕ್ಕೆ ಹಾಕಿಕೊಂಡರು. “ಒಂದು ಪೆನ್ನು ಕೊಡು. ವಿಮಾನದಲ್ಲಿ ಬೇಕಾಗ್ತದೆ.”

ಹೀಗೆ ಟೋಪಿ ಹೊತ್ತು ಬರುವ ಆಮಂತ್ರಣಗಳನ್ನು ನಾನು ಸಾಮಾನ್ಯವಾಗಿ ಅಳಿಸಿಬಿಡುತ್ತೇನೆ. ಇವತ್ತು ಬೆರಳು ಹಿಂದೆ ತೆಗೆದು, ಒಂದೊಂದೇ ಟೋಪಿ ಇಳಿಸುತ್ತ ಓದಿದೆ. ಶುಕ್ರವಾರ ಮಧ್ಯಾಹ್ನ ಊಟವಿದೆಯಂತೆ. ಕೊನೆಯ ಒಂದು ಪದ ಮಾತ್ರ ಬಿಡಿಸಲಾಗಲಿಲ್ಲ. ಮೀನು ಇರಬಹುದು.