ಬಿಳೇದು, ಕರೇದು ಮತ್ತು ಅಪ್ಪನ ಕಿವಿ

ಇವತ್ತು ಬೆಳಿಗ್ಗೆ ಕೂಲರಿನ ಹಳೆಯ ಹುಲ್ಲು ಕಿತ್ತು, ಹೊಸ ಲಾವಂಚದ ಪಟ್ಟಿ ಕೂರಿಸಿ ನೀರು ಬಿಟ್ಟೆ. ಇಲ್ಲಿ ನಾಗಪುರದಲ್ಲಿ ಅದನ್ನು ಖಸ್ ಎನ್ನುತ್ತಾರೆ. ಒದ್ದೆಯಾದ ಕೂಡಲೇ ಏಳುವ ಆ ತಣ್ಣನೆಯ ವಾಸನೆಗೆ ನಿಮಗೆ ಶರಬತ್ತು ನೆನಪಾಗಬಹುದು, ಮಣ್ಣಿನ ಹೂಜಿ ನೆನಪಾಗಬಹುದು. ನನಗೆ ವಿಡಿಯೋ ಗೇಮ್ ನೆನಪಾಗುತ್ತದೆ. ನಗಬೇಡಿ. ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸುವವಳ ಬಾಯಲ್ಲಿ ಈ ಮಾತು ಬಂದರೆ ನನ್ನ ಸಹೋದ್ಯೋಗಿಗಳೂ ನಗುತ್ತಾರೆ, ನನಗದು ರೂಢಿಯಾಗಿದೆ.

ನಾನು ಹೇಳುತ್ತಿರುವುದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲಿನ ಮಾತು. ಧರಮಪೇಠದ ನಮ್ಮ ಬಾಡಿಗೆ ಮನೆಯಲ್ಲಿ ಒಂದೇ ಟೀವಿ, ಅದರ ಕೆಳಗೆ ಎರಡು ಗೇಮ್ ಪೆಟ್ಟಿಗೆಗಳು. ಬಿಳಿಯದು ನನ್ನದು, ಕರಿಯದು ತಮ್ಮ ಗಿರೀಶನದು. ಅವುಗಳ ಕಂಪನಿಗಳು ಯಾವುವೆಂದು ನಿಮಗೆ ಹೊಳೆದರೆ ಹೊಳೆಯಲಿ. ನಮ್ಮ ಮನೆಯಲ್ಲಿ ಅವು ಬಿಳೇದು, ಕರೇದು, ಅಷ್ಟೇ. ಅವ್ವ ಎರಡಕ್ಕೂ ಸೇರಿಸಿ 'ಧೂಳಿನ ಡಬ್ಬಿ' ಎನ್ನುತ್ತಿದ್ದಳು.

ಯಾವುದು ಮೇಲು ಎಂಬುದು ನಮ್ಮಿಬ್ಬರ ನಡುವೆ ಎಂದೂ ಮುಗಿಯದ ಜಗಳ. ಇಂದಿಗೂ ನಾನು ಆ ವಿಷಯದಲ್ಲಿ ಯಾರ ಎದುರಿಗಾದರೂ ಕೂತು ವಾದಿಸಬಲ್ಲೆ. ಕರೇದರ ಕಟ್ಟುಮಸ್ತು ದೇಹ, ಮಿರಿಮಿರಿ ಮಿಂಚುವ ಮೈ, ಸದ್ದಿಲ್ಲದ ಫ್ಯಾನು. ವೈಫೈ ಅದರೊಳಗೇ ಇತ್ತು. ಹೊಸ ಬಗೆಯ ಸಿನಿಮಾ ಡಿಸ್ಕುಗಳನ್ನೂ ತೋರಿಸುತ್ತಿತ್ತು. ಕೈಯಲ್ಲಿ ಹಿಡಿಯುವ ಕಂಟ್ರೋಲರನ್ನು ಚಾರ್ಜ್ ಮಾಡಿದರಾಯಿತು. ನನ್ನ ಬಿಳೇದಕ್ಕೆ ಇಟ್ಟಿಗೆಯಂಥ ಅಡಾಪ್ಟರು. ಕಂಟ್ರೋಲರಿಗೆ ಗೋಡೆ ಗಡಿಯಾರದ ಹಾಗೆ ಸೆಲ್ ಹಾಕಬೇಕು. ಡಿಸ್ಕ್ ತಿರುಗಿದರೆ ಮಿಕ್ಸರ್ ಹಾಕಿದ ಸದ್ದು. ಸೆಕೆಗಂತೂ ಅದು ನಮಗಿಂತ ಮೊದಲು ಬಸವಳಿಯುತ್ತಿತ್ತು. ಏಪ್ರಿಲ್ ಬಂತೆಂದರೆ ನಾನು ಅದನ್ನು ಸ್ಟೂಲಿನ ಮೇಲಿಟ್ಟು ಕೂಲರಿನ ಎದುರಿಗೆ ಕೂರಿಸುತ್ತಿದ್ದೆ. ಮನೆಗೆ ಬಂದ ನೆಂಟರಿಗೆ ಸಿಗದ ಜಾಗ ಅದು.

ಇಷ್ಟೆಲ್ಲ ಒಪ್ಪಿಕೊಂಡೂ ಬಿಳೇದೇ ಮೇಲು ಎನ್ನುತ್ತಿದ್ದೆ, ಅದರ ಆನ್‌ಲೈನ್ ಲೋಕದ ಕಾರಣಕ್ಕೆ. ಕರೇದರಲ್ಲಿ ಆನ್‌ಲೈನ್ ಆಟ ಪುಕ್ಕಟೆ. ಬಿಳೇದಕ್ಕೆ ವರ್ಷವರ್ಷ ಚಂದಾ ಕಟ್ಟಬೇಕು. ಗಿರೀಶ ಇದೊಂದನ್ನೇ ಹಿಡಿದು ಜಗ್ಗುತ್ತಿದ್ದ. ಆದರೆ ಬಿಳೇದರ ಜೊತೆಗೆ ಒಂದು ಹೆಡ್‌ಸೆಟ್ ಬರುತ್ತಿತ್ತು: ಒಂದೇ ಕಿವಿಗೆ ಸ್ಪಂಜಿನ ಬಿಲ್ಲೆ, ಬಾಯ ಮುಂದೆ ಪುಟ್ಟ ಮೈಕು, ವೈರಿನಲ್ಲಿ ಧ್ವನಿ ಏರಿಸುವ ತಿರುಗಣೆ. ಎಲ್ಲರ ಬಳಿಯೂ ಅದು ಇದ್ದುದರಿಂದ ಎಲ್ಲರೂ ಮಾತಾಡುತ್ತಿದ್ದರು. ಕರೇದಕ್ಕೆ ಅದನ್ನು ಬೇರೆಯಾಗಿ ಕೊಳ್ಳಬೇಕು, ಕೊಂಡವರು ಕಡಿಮೆ. ಹಾಗಾಗಿ ಅಲ್ಲಿ ನೂರು ಜನ ಓಡಾಡುತ್ತಿದ್ದರೂ ಯಾರ ಬಾಯಿಂದಲೂ ಮಾತಿಲ್ಲ. ಬಿಳೇದರಲ್ಲಿ ಬೈಗುಳವೂ ಕೇಳುತ್ತಿತ್ತೆನ್ನಿ. ಹೆಂಗಸಿನ ದನಿ ಕೇಳಿದರೆ ಇನ್ನೂ ಜಾಸ್ತಿ. ನಾನು ಅಂಥವರನ್ನು ಕಾರು ರೇಸಿನಲ್ಲಿ ಸೋಲಿಸಿ, ಆಮೇಲೆ ಸಮಾಧಾನವಾಗಿ ನಮಸ್ಕಾರ ಹೇಳುತ್ತಿದ್ದೆ.

ಈ ಜಗಳಕ್ಕೆ ನ್ಯಾಯ ಹೇಳಬೇಕಾದವರು ಅಪ್ಪ. ಧಾರವಾಡದ ಕಡೆಯಿಂದ ಕೆಲಸಕ್ಕೆಂದು ನಾಗಪುರಕ್ಕೆ ಬಂದು, ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿದ್ದು, ಇಲ್ಲೇ ನಿವೃತ್ತರಾದವರು. ನಾವು ಚಿಕ್ಕವರಿದ್ದಾಗ ಸೀತಾಬರ್ಡಿಯ ಪೇಟೆಯಿಂದ ಕ್ಯಾಸೆಟ್ ಹಾಕುವ ಅಗ್ಗದ ಗೇಮ್ ತಂದುಕೊಟ್ಟವರೂ ಅವರೇ. ಆಗ ನಮ್ಮ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಕ್ರಿಕೆಟ್ ವೀಕ್ಷಕ ವಿವರಣೆ ಕೊಡುವವರ ಹಾಗೆ ಮಾತಾಡುತ್ತಿದ್ದರು. ಅವರ ಮಾತಿನ ಭರಾಟೆಯಲ್ಲಿ ನಾವು ಸೋತದ್ದೂ ಉಂಟು.

ಆದರೆ ನಿವೃತ್ತಿಯ ಹೊತ್ತಿಗೆ, ಯಂತ್ರಗಳ ನಡುವೆ ಆಯುಷ್ಯ ಕಳೆದದ್ದಕ್ಕೋ ವಯಸ್ಸಿಗೋ, ಅವರ ಕಿವಿ ಮಂದವಾಯಿತು. ಕಿವಿಗೆ ಯಂತ್ರ ಹಾಕಿಸಿ ಎಂದು ಡಾಕ್ಟರು ಹೇಳಿದರು. ಅದು ಮುದುಕರ ಕೆಲಸ, ತಮಗಿನ್ನೂ ಅಷ್ಟು ಮುಪ್ಪು ಬಂದಿಲ್ಲ ಎಂದು ಅಪ್ಪ ಎದ್ದು ಬಂದುಬಿಟ್ಟರು. ನಾವು ಕೂಗಿ ಮಾತಾಡುವುದನ್ನು ರೂಢಿ ಮಾಡಿಕೊಂಡೆವು. ಕೂಗಿದರೆ ಸಿಟ್ಟಾಗುತ್ತಿದ್ದರು, ಕೂಗದಿದ್ದರೆ ಕೇಳುತ್ತಿರಲಿಲ್ಲ.

ಆಮೇಲೆ ಒಂದು ದಿನ ಅವರ ಹಳೆಯ ಗೆಳೆಯರೊಬ್ಬರು ಸಿವಿಲ್ ಲೈನ್ಸ್‌ನಿಂದ ಮನೆಗೆ ಬಂದರು. ಕೂಲರು ಜೋರಾಗಿ ಸದ್ದು ಮಾಡುತ್ತಿತ್ತು. ತಮ್ಮ ಹೆಂಡತಿ ತೀರಿಹೋದದ್ದನ್ನು ಹೇಳಲು ಬಂದಿದ್ದರು ಅವರು. ಅಪ್ಪ ನಗುತ್ತ ಅವರ ಕೈ ಹಿಡಿದು, "ಭಾಳ ಚಲೋ ಆತು ನೋಡ್ರಿ, ಭಾಳ ಚಲೋ ಆತು" ಎಂದರು. ಮಗನ ಮದುವೆಯ ಸುದ್ದಿ ಎಂದುಕೊಂಡಿದ್ದರಂತೆ. ಗೆಳೆಯರು ದೊಡ್ಡ ಮನುಷ್ಯರು, ಕೈ ಬಿಡಿಸಿಕೊಳ್ಳಲಿಲ್ಲ. ಅವ್ವ ಅಪ್ಪನ ಕಿವಿಯ ಹತ್ತಿರ ಬಾಗಿ ನಿಜ ಹೇಳಿದಾಗ ಅವರ ಮುಖ ಹೇಗಾಯಿತೆಂಬುದನ್ನು ನಾನು ಬರೆಯಲಾರೆ. ಅಂದಿನಿಂದ ಅಪ್ಪ ಮಾತು ಬಿಟ್ಟರು. ತಪ್ಪು ಉತ್ತರ ಕೊಡುವುದಕ್ಕಿಂತ ಉತ್ತರವನ್ನೇ ಕೊಡದಿರುವುದು ಲೇಸು ಎಂದು ತೀರ್ಮಾನಿಸಿದವರಂತೆ ಕೂಲರಿನ ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತುಬಿಟ್ಟರು.

ಅದೇ ಹೊತ್ತಿಗೆ ಗಿರೀಶನಿಗೆ ಹತ್ತಿರದ ಊರಾದ ಸಾವನೇರ್‌ಗೆ ವರ್ಗವಾಯಿತು, ಕಲ್ಲಿದ್ದಲ ಗಣಿಯ ಕಚೇರಿಗೆ. ಕರೇದನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋದ. ಕ್ವಾರ್ಟರ್ಸಿನಲ್ಲಿ ಬ್ರಾಡ್‌ಬ್ಯಾಂಡ್ ಇತ್ತು, ಇಲ್ಲಿ ನನ್ನ ಬಳಿಯೂ ಇತ್ತು. ಆದರೂ ಒಟ್ಟಿಗೆ ಆಡುವ ಹಾಗಿರಲಿಲ್ಲ. ಆ ಕಾಲದಲ್ಲಿ ಬಿಳೇದರ ಲೋಕಕ್ಕೂ ಕರೇದರ ಲೋಕಕ್ಕೂ ನಡುವೆ ಬಾಗಿಲೇ ಇಲ್ಲ. ಎರಡರಲ್ಲೂ ಅದೇ ಆಟ, ಅದೇ ರಸ್ತೆ, ಅದೇ ಕಾರು. ಆದರೆ ಅವನು ಅಲ್ಲಿ ಒಬ್ಬನೇ, ನಾನು ಇಲ್ಲಿ ಒಬ್ಬಳೇ. ನೀ ಬಿಳೇದು ತಗೋ ಎಂದು ನಾನು, ನೀನೇ ಕರೇದು ತಗೋ ಎಂದು ಅವನು. ಇಬ್ಬರೂ ಜಗ್ಗಲಿಲ್ಲ. ಹಟ ನಮ್ಮ ಮನೆಯಲ್ಲಿ ಯಾರಿಗೂ ಕಡಿಮೆಯಿಲ್ಲ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ. ನಾನು ಬೆಳಗಾವಿಯ ಒಬ್ಬರ ಜೊತೆ ರೇಸು ಆಡುತ್ತಿದ್ದೆ. ಔಷಧಿ ಅಂಗಡಿ ಇಟ್ಟುಕೊಂಡಿದ್ದ, ಐವತ್ತು ದಾಟಿದ ಸಂಭಾವಿತರು. ಕನ್ನಡ ಮಾತಾಡುವವರು ಸಿಕ್ಕರೆಂದು ನಮಗಿಬ್ಬರಿಗೂ ಖುಷಿ. ಅಪ್ಪ ಪೇಪರ್ ಮಡಚಿಟ್ಟು ಟೀವಿಯನ್ನೇ ನೋಡುತ್ತಿದ್ದರು. ಯಾಕೆ ಹಾಗೆನ್ನಿಸಿತೋ ಗೊತ್ತಿಲ್ಲ, ನಾನು ಹೆಡ್‌ಸೆಟ್ ತೆಗೆದು ಅಪ್ಪನ ತಲೆಗೆ ಹಾಕಿ, ತಿರುಗಣೆಯನ್ನು ಪೂರ್ತಿ ಏರಿಸಿದೆ.

ಅಪ್ಪ ಬೆಚ್ಚಿ ನನ್ನ ಕಡೆ ನೋಡಿದರು. ಆಮೇಲೆ ಮೈಕನ್ನು ಬಾಯಿಯ ಹತ್ತಿರ ಸರಿಸಿಕೊಂಡು ನಿಧಾನವಾಗಿ ಕೇಳಿದರು: "ಯಾರ್ರಿ ಮಾತಾಡೋರು?"

ಅತ್ತಲಿಂದ ಏನು ಬಂತೋ ನನಗೆ ಕೇಳಲಿಲ್ಲ. ಅಪ್ಪನ ಮಾತಷ್ಟೇ ಕೇಳಿತು. ನಾಗಪುರದ ಬಿಸಿಲಿನ ಸುದ್ದಿ ಹೇಳಿದರು. ಬೆಳಗಾವಿಯಲ್ಲಿ ಮಳೆ ಬಂತೇ ಎಂದು ವಿಚಾರಿಸಿದರು. ಔಷಧಿ ಅಂಗಡಿ ಯಾವ ಓಣಿಯಲ್ಲಿ ಎಂದು ಕೇಳಿ, ಹುಡುಗರಾಗಿದ್ದಾಗ ಬೆಳಗಾವಿಯ ನೆಂಟರ ಮನೆಗೆ ಹೋಗಿ ತಾವು ಆ ಓಣಿಯಲ್ಲೇ ಸೈಕಲ್ಲಿನಿಂದ ಬಿದ್ದದ್ದನ್ನು ಹೇಳಿದರು. ನನ್ನ ಕಾರು ರಸ್ತೆಯ ಮಧ್ಯೆ ನಿಂತಿತ್ತು, ಆ ಪುಣ್ಯಾತ್ಮರ ಕಾರೂ ನಿಂತಿತ್ತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಸೌಟು ಹಿಡಿದುಕೊಂಡೇ ನಿಂತಿದ್ದಳು. ಒಂದೂ ಉತ್ತರ ತಪ್ಪಿದ ಹಾಗೆ ಕಾಣಲಿಲ್ಲ. ಕೂಲರಿನ ಸದ್ದು ಹೊರಗೇ ಉಳಿದು, ಮಾತು ನೇರವಾಗಿ ಕಿವಿಯೊಳಕ್ಕೆ ಹೋಗಿತ್ತು. ಅದೂ ಅಲ್ಲದೆ ಇದು ಮುದುಕರ ಯಂತ್ರವಲ್ಲ, ಆಟದ ಸಾಮಾನು. ಹಾಕಿಕೊಳ್ಳಲು ಅಪ್ಪನಿಗೆ ನಾಚಿಕೆಯಿರಲಿಲ್ಲ.

ನಾನು ಗಿರೀಶನಿಗೆ ಫೋನ್ ಮಾಡಿ ಹೇಳಿದರೆ ಅವನು ನಂಬಲಿಲ್ಲ. ಬಿಳೇದಕ್ಕೆ ಹೊಸ ಜಾಹೀರಾತು ಹುಡುಕಿದ್ದೀಯ ಎಂದ. ಶನಿವಾರ ಬಸ್ಸಿನಲ್ಲಿ ಬಂದ. ಅಪ್ಪ ಹೆಡ್‌ಸೆಟ್ ಹಾಕಿಕೊಂಡು ಬೆಳಗಾವಿಯವರ ಜೊತೆ ನಗುವುದನ್ನು ಬಾಗಿಲಲ್ಲಿ ನಿಂತೇ ನೋಡಿದ, ಚಪ್ಪಲಿ ಕಳಚುವುದನ್ನೂ ಮರೆತು. ವಾದ ಮಾಡಲಿಲ್ಲ. ಸಾವನೇರ್‌ಗೆ ಹಿಂದಿರುಗಿದವನು ಕರೇದನ್ನು ಸಹೋದ್ಯೋಗಿಯೊಬ್ಬನಿಗೆ ಕೊಟ್ಟು, ಬದಲಿಗೆ ಅವನ ಬಿಳೇದನ್ನು ತಂದುಕೊಂಡ. ನನ್ನ ಗೆಲುವನ್ನು ನಾನು ಸಂಭ್ರಮಿಸಬಹುದಿತ್ತು. ಅದರ ಬದಲು ಹೆಡ್‌ಸೆಟ್ಟನ್ನು ಅಪ್ಪನ ಕುರ್ಚಿಯ ಹತ್ತಿರ ತೆಗೆದಿಟ್ಟೆ.

ಮುಂದಿನ ಭಾನುವಾರ ಅಪ್ಪನ ಕಿವಿಯಲ್ಲಿ ಗಿರೀಶ. ತನ್ನ ಮಾತು ಕೇಳಿಸುತ್ತದೆಯೇ ಎಂದು ಅವನು ಕೇಳಿರಬೇಕು. ಅಪ್ಪ ಹೇಳಿದರು: "ಬರೋಬರ್ ಕೇಳಸ್ತೈತಿ. ಮೊದ್ಲಿಂದನೂ ಹಿಂಗ ಮಾತಾಡಾಕ ಏನಾಗಿತ್ತು ನಿನಗ?"

ಆ ಬೇಸಿಗೆ ನಮ್ಮ ಮನೆಯಲ್ಲಿ ಅಪ್ಪನ ದನಿ ಮತ್ತೆ ತುಂಬಿತು. ಆದರೆ ಹಾರ್ಡ್‌ವೇರ್ ವಿಷಯದಲ್ಲಿ ಗಿರೀಶ ಹೇಳುತ್ತಿದ್ದುದು ಸುಳ್ಳಾಗಿರಲಿಲ್ಲ. ಮಳೆ ಇನ್ನೂ ಬಾರದ ಒಂದು ಮಧ್ಯಾಹ್ನ, ಕೂಲರಿನ ಗಾಳಿ ನೇರವಾಗಿ ಬೀಸುತ್ತಿದ್ದರೂ, ನನ್ನ ಬಿಳೇದು ಮುಖದ ಮೇಲೆ ಕೆಂಪು ದೀಪ ಹೊತ್ತಿಸಿಕೊಂಡು ಸತ್ತುಹೋಯಿತು. ರಿಪೇರಿಗೆ ಬೇರೆ ಊರಿಗೆ ಕಳಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದರು. ಗಿರೀಶ ಫೋನಿನಲ್ಲಿ ಅಂದ, "ಕರೇದು ಆಗಿದ್ರ ಕೆಡ್ತಿರಲಿಲ್ಲ, ಅಕ್ಕಾ." ನಾನೆಂದೆ, "ಕರೇದು ಆಗಿದ್ರ ಅಪ್ಪ ಮಾತಾಡ್ತಿರಲಿಲ್ಲ." ಇಬ್ಬರು ಹೇಳಿದ್ದೂ ನಿಜವೇ. ಅವನ ಬಿಳೇದನ್ನು ಇಲ್ಲಿಗೆ ತಂದರೆ ಅಪ್ಪನಿಗೆ ಅವನ ದನಿಯೇ ಸಿಗುವ ಹಾಗಿರಲಿಲ್ಲ.

ಅಪ್ಪ ಮತ್ತೆ ಪೇಪರ್ ಹಿಡಿದರು. ಈ ಸಲ ಆ ಮೌನವನ್ನು ನೋಡಲಾಗಲಿಲ್ಲ, ಯಾಕೆಂದರೆ ಏನು ಹೋಯಿತೆಂದು ಈಗ ಅವರಿಗೂ ಗೊತ್ತಿತ್ತು. ಭಾನುವಾರ ಬಂತು. ಊಟವಾದ ಮೇಲೆ ಖಾಲಿ ಸ್ಟೂಲನ್ನು ಸ್ವಲ್ಪ ಹೊತ್ತು ನೋಡುತ್ತ ಕೂತರು. ಆಮೇಲೆ ಎದ್ದು ಅಂಗಿ ಹಾಕಿಕೊಂಡು, ಗುಂಡಿ ಹಾಕುತ್ತಲೇ ನನಗೆ ಹೇಳಿದರು: "ನಾಳೆ ಆ ಕಿವಿ ಡಾಕ್ಟರ್ ಕಡೆ ಹೋಗೂಣು. ಜಲ್ದಿ ಎದ್ದು ತಯಾರಾಗು." ನಾಳೆ ಹೋಗುವುದಕ್ಕೆ ಇವತ್ತೇ ಅಂಗಿ ಹಾಕಿಕೊಂಡಿದ್ದರು. ಕಿವಿಯ ಯಂತ್ರ ಬಂದ ಮೇಲೆ ಅವರು ಮೊದಲು ಮಾಡಿದ ಕೆಲಸ, ಆಟೋ ಹಿಡಿದು ಸಿವಿಲ್ ಲೈನ್ಸ್‌ನ ಆ ಗೆಳೆಯರ ಮನೆಗೆ ಹೋದದ್ದು. ಅಲ್ಲಿ ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ಸಂಜೆಯವರೆಗೂ ಬರಲಿಲ್ಲ.

ಈಗ ಕಾಲ ಬದಲಾಗಿದೆ. ಬೇರೆ ಬೇರೆ ಪೆಟ್ಟಿಗೆಯವರೂ ಎಷ್ಟೋ ಆಟಗಳಲ್ಲಿ ಒಟ್ಟಿಗೆ ಆಡಬಹುದು. ಕರೇದರ ಕಡೆಯವರೂ ಚಂದಾ ಕೇಳಲು ಶುರುಮಾಡಿದಾಗ ನಾನು ಗಿರೀಶನಿಗೆ ಫೋನ್ ಮಾಡಿ ಮನಸಾರೆ ನಕ್ಕೆ. ಮಗಳ ಪರೀಕ್ಷೆ ಮುಗಿಸಿಕೊಂಡು ಹೋದ ವಾರ ಅವನು ಬಂದಿದ್ದ. ಹೊಸ ಪೆಟ್ಟಿಗೆಗಳಲ್ಲಿ ಯಾವುದು ಮೇಲು ಎಂದು ಊಟದ ಹೊತ್ತಿಗೇ ಶುರುವಾಯಿತು. ನಮ್ಮ ದನಿ ಏರುತ್ತಿದ್ದಂತೆ ಅಪ್ಪ ಯಂತ್ರವನ್ನು ಕಿವಿಯಿಂದ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟು ನೆಮ್ಮದಿಯಾಗಿ ಉಂಡರು. ನಾವು ಸುಮ್ಮನಾದದ್ದನ್ನು ಮುಖ ನೋಡಿಯೇ ತಿಳಿದು ಮತ್ತೆ ಹಾಕಿಕೊಂಡು, ಯಾರು ಗೆದ್ದಿರಿ ಎಂದು ಕೇಳಿದರು. ನಾನೇ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು.

"ಹಂಗಾದ್ರ ನಾ ಒಂದು ಹೇಳ್ತೀನಿ, ಕೇಳ್ರಿ," ಎಂದು ತಾವು ನಾಗಪುರಕ್ಕೆ ಬಂದಿಳಿದ ಮೊದಲ ದಿನದ ಕತೆ ತೆಗೆದರು. ನಮಗಿಬ್ಬರಿಗೂ ಬಾಯಿಪಾಠವಾದ ಕತೆ. ಮೊದಲಾಗಿದ್ದರೆ ನಡುವೆ ಬಾಯಿ ಹಾಕಿ ನಾನೇ ಮುಗಿಸಿಬಿಡುತ್ತಿದ್ದೆ. ಈ ಸಲ ಉಂಡ ಕೈ ಒಣಗುತ್ತಿದ್ದರೂ ತಟ್ಟೆಯ ಮುಂದೆ ಕೂತು, ಕೊನೆಯವರೆಗೂ ಕೇಳಿದೆ.