ಅವರ ಹೆಸರಿನ ಪೆಟ್ಟಿಗಿ

ಅವತ್ತ ಮುಂಜಾನೆ ನಮ್ಮ ಮನಿಯವರು ರೊಟ್ಟಿ, ಝುಣಕ ಉಂಡ್ರು. ಉಪ್ಪು ಹೆಚ್ಚಾಗೇತಿ ಅಂದ್ರು. 'ನೀರು ಕುಡೀರಿ' ಅಂದೆ. ವಾಯರ್ ತರಾಕ ನಿಪ್ಪಾಣಿಗೆ ಹೋದವರು ಬರೂವಾಗ ಕಬ್ಬಿನ ಟ್ರಾಲಿಗೆ ಹಾಯ್ದು ಅಲ್ಲೇ ತೀರಿದ್ರು. 2013ನೇ ಇಸವಿ, ಸಕ್ಕರಿ ಕಾರ್ಖಾನಿ ಸುರುವಾಗಿತ್ತು. ಟ್ರಾಲಿಗೆ ಹಿಂದ ದೀಪ ಇರಲಿಲ್ಲ.

ಅಂಕಲಿಯೊಳಗ ನಮ್ಮ ಮನಿ ಮುಂದಿನ ಕೋಣ್ಯಾಗ ಅವರು ಕಂಪ್ಯೂಟರ್ ಕ್ಲಾಸ್ ನಡಸತಿದ್ರು. ಒಳಗೊಂದು ದೊಡ್ಡ ಕಂಪ್ಯೂಟರ್. ಸರ್ವರ್ ಅಂತಿದ್ರು. ಹುಡುಗರು ಮಾಡಿದ್ದೆಲ್ಲಾ ಅದರಾಗ ಇರತಿತ್ತು. ನಾ ನಾಕನೇತ್ತೆ ಕಲಿತಾಕಿ, ನನಗ ಅದರ ಗೊಡವಿ ಇರಲಿಲ್ಲ. ಅವರೂ ಏನೂ ಹೇಳಿಕೊಡಲಿಲ್ಲ. ಹಂಗ ಹೋದ್ರು.

ದಿನಕಾರ್ಯಕ್ಕ ಮನಿ ಸಾರಸುವಾಗ ಭಾವ ರಾವಸಾಹೇಬರು, ಸತ್ತವರ ಸಾಮಾನು ಇಡಬಾರದಂತ ಅವರ ಅರಿವಿ, ಹಾಸಿಗಿ ಹೊರಗ ಹಾಕಿಸಿದ್ರು. ಹಾಸಿಗಿ ಬಾಜೂಕ ಒಂದು ಹಳೇ ಕಂಪ್ಯೂಟರ್ ಪೆಟ್ಟಿಗಿ ಗುಂಯ್‌ಗುಡತಿತ್ತು. ಅದನ್ನೂ ಕಿತ್ತು, ಹಳೇ ಕಬ್ಬಿಣ ಕೊಳ್ಳೂ ಮೋಡಕಾ ಸಾಮಾನಿನವಗ ಕೊಟ್ಟರು.

ಮನಿಯವರ ಹಂತೇಕ ಕಲಿತ ಕಾಂಚನ ದಿನಾ ಸಂಜೀಕ ಬಂದು ಕ್ಲಾಸ್ ನಡಸಾಕತ್ತಳು. ಆದರ ಹುಡುಗರು ಹೆಸರು, ಪಾಸ್‌ವರ್ಡ್ ಹೊಡದು ಸುಮ್ನ ಕುಂಡರೂದಾತು. ಎಷ್ಟೋ ಹೊತ್ತಿಗೆ ಕಂಪ್ಯೂಟರ್ ತಗೀತಿತ್ತು. ವಾಯರ್ ಬದಲಿ ಮಾಡಿದ್ರೂ ಅಷ್ಟ. ಆಕಳಿಸಿ ಆಕಳಿಸಿ ಬಾಳ ಮಂದಿ ಹುಡುಗರು ಚಿಕ್ಕೋಡಿ ಕ್ಲಾಸಿಗೆ ಹೋದ್ರು.

"ಹೆಂಗಸರ ಕೈಯಾಗ ಇವು ನಡಿಯಂಗಿಲ್ಲ ಅನುಸೂಯಾ" ಅಂದ್ರು ಭಾವಾರು. "ಕೋಣಿ ಖಾಲಿ ಮಾಡು. ನನ್ನ ಗೊಬ್ಬರದ ಚೀಲಾ ಇಡತೀನಿ."

ಕ್ಲಾಸ್ ಹೋದ್ರ ನನ್ನ ಅನ್ನ ಹೋಗತಿತ್ತು. ಮನಿಯವರ ಗೆಳೆಯ, ಚಿಕ್ಕೋಡಿ ಮಲಕಾರಿಗೆ ಹೇಳಿ ಕಳಸಿದೆ. ಮಧ್ಯಾಹ್ನ ಫೋನ್ ಮಾಡಿದ. ಮನ್ಯಾಗ ನಾ ಒಬ್ಬಾಕೀನ. ಸರ್ವರ್ ಮುಂದ ಕುಂಡ್ರಿಸಿ, ಇದನ್ನ ಒತ್ರಿ, ಅದನ್ನ ಒತ್ರಿ ಅಂದ.

"ವೈನಿ, ಹುಡುಗರು ಬಂದ್ರ ಇವರು ಯಾರು ಅಂತ ಸರ್ವರ್ ಇನ್ನೊಂದು ಪೆಟ್ಟಿಗೀನ ಕೇಳತೈತಿ. ಅದು ಜವಾಬ ಕೊಡವಲ್ದು. ಕಾದು ಕಾದು ಬ್ಯಾಸತ್ತು, ತನ್ನ ಹಂತೇಕಿನ ಪಟ್ಟಿ ನೋಡಿ ಒಳಗ ಬಿಡತೈತಿ. ಆ ಪೆಟ್ಟಿಗಿ ಹೆಸರು ಅಳಿಸಿದ್ರ ಕೇಳೂದು ಬಿಡತೈತಿ. ಅಲ್ಲೇ ಬಂದೈತಿ ನೋಡ್ರಿ, ಓದ್ರಿ."

ಬಾಗಲದ ಬೋರ್ಡಿನ ಮ್ಯಾಲೆ ದಿನಾ ನೋಡಿದ್ದ ಅಕ್ಷರ. "ನಮ್ಮ ಮನಿಯವರದು" ಅಂದೆ.

"ಪೆಟ್ಟಿಗಿ ಅವರದ ಖರೆ. ಹೆಸರೇನ್ರಿ?"

"ಅವರದ."

"ಬಾಯಿ ಬಿಟ್ಟು ಹೇಳ್ರಿ ವೈನಿ. ಬ್ಯಾರೇದು ಅಳಿಸಿದ್ರ ಎಲ್ಲಾ ಬಂದ್ ಬೀಳತೈತಿ."

ಗಂಡನ ಹೆಸರು ನಾ ಮದುವಿ, ಹಬ್ಬದಾಗ ಹಾಡಿನ ಸಾಲಿನೊಳಗ ಸೇರಿಸಿ, ಒಡಪು ಕಟ್ಟಿ ಹೇಳಿದಾಕಿ. ಬರೇ ಹೆಸರು ಎಂದೂ ತಗೊಂಡಿಲ್ಲ. ಇನ್ನ ನಾ ಮುತ್ತೈದಿ ಅಲ್ಲ, ಒಡಪು ಹೇಳು ಅಂತ ಯಾರೂ ನನಗ ಅನ್ನೂದಿಲ್ಲ.

"ಬೀರದೇವ" ಅಂದೆ.

ಮಲಕಾರಿ "ಅಳಸ್ರಿ" ಅಂದ.

ಅಳಸಿದೆ. ಸಂಜೀಕ ಉಳಿದ ಹುಡುಗರು ಹೆಸರು ಹೊಡಿಯೂದ ತಡ, ತಗೀತು.

ಭಾವಾರು ಬಾಗಲದಾಗ ನಿಂತು ನೋಡಿದ್ರು. "ನೀವು ಮೋಡಕಾಕ್ಕ ಹಾಕಿದ ಪೆಟ್ಟಿಗಿ ಈ ಸರ್ವರಿಗೆ ಬೇಕಾಗಿತ್ತು" ಅಂದೆ.

"ಸತ್ತವರ ಸಾಮಾನು ಇಡಬಾರದು."

"ಕೋಣಿನೂ ಸತ್ತವರದ. ಅದನ್ಯಾಕ ಬೇಡತೀರಿ?"

ಭಾವಾರು ಚಪ್ಪಲಿ ಮೆಟ್ಟಿ ಹೋದ್ರು. ಆಮ್ಯಾಲೆ ನನ್ನ ಕೂಡ ಮಾತು ಬಿಟ್ಟಾರ.

ಹೋದ ಹುಡುಗರು ಕೆಲವರು ಬಂದ್ರು, ಕೆಲವರು ಬರಲಿಲ್ಲ. ದಿನಾ ಮುಂಜಾನೆ ಚಾ ಕುಡಿಯೂಕಿಂತ ಮದಲ ನಾ ಒಂದೊಂದು ಕಂಪ್ಯೂಟರಿನ ಮುಂದ ಕುಂತು, ಒಂದ ಬೆರಳಿಲೆ, ಕಾಂಚನ ಹಾಕಿಕೊಟ್ಟ ನನ್ನ ಹೆಸರು ಹೊಡದು ಒಳಗ ಹೋಗಿ ಹೊರಗ ಬರತೀನಿ. ತಡಾ ಆಗೂದಿಲ್ಲ.